ಗಂಜಿ ಹಾಕಿದ ಎದೆಪಟ್ಟಿ

ಆ ವರ್ಷ ಮೇ ತಿಂಗಳಲ್ಲಿ ಕೋಲಾರದ ಒಳಾಂಗಣ ಕ್ರೀಡಾಂಗಣದಲ್ಲಿ ನಮಗೆ ಹತ್ತು ದಿನದ ಶಿಬಿರ ಹಾಕಿದ್ದರು. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡೂವರೆ ಗಂಟೆ ಮ್ಯಾಟಿನ ಮೇಲೆ. ಹತ್ತನೆಯ ದಿನ ಭಾನುವಾರ, ಆಯ್ಕೆಯ ಪಂದ್ಯ. ಏಷ್ಯಾ ಮಟ್ಟದ ಜೂಡೋ ಕೂಟಕ್ಕೆ ಒಂದು ತೂಕಕ್ಕೆ ಒಬ್ಬರಂತೆ ಕಳಿಸುವುದೆಂದು ತೀರ್ಮಾನವಾಗಿತ್ತು. ಹೊರದೇಶದಲ್ಲಿ ಆಡುವುದು ನನಗೆ ಹೊಸದಲ್ಲ. ಆದರೆ ಈ ಸಲದ್ದು ಕೊನೆಯದೆಂದು ಗೊತ್ತಿತ್ತು. ಮೂವತ್ತು ತುಂಬಿತ್ತು, ಬಲ ಮೊಣಕಾಲಿಗೆ ಎರಡು ಸಲ ಆಪರೇಷನ್ ಆಗಿತ್ತು, ಮುಂದಿನ ವರ್ಷದ ಪಟ್ಟಿಯಲ್ಲಿ ನನ್ನ ಹೆಸರು ಇರುವುದಿಲ್ಲವೆಂದು ನನ್ನ ಕೋಚ್ ಸುತ್ತಿಬಳಸದೆ ಹೇಳಿಬಿಟ್ಟಿದ್ದರು. ಒಂದು ಸಲ ಹೋಗಿಬಂದರೆ ಸಾಕು, ಆಮೇಲೆ ನಾನೇ ಬೆಲ್ಟ್ ಬಿಚ್ಚಿಡುತ್ತೇನೆ ಎಂದು ನಾನೂ ಹೇಳಿದ್ದೆ. ಹೇಳಿದ್ದೇನೋ ಸರಿ, ಆ ಒಂದು ಸಲಕ್ಕೆ ನಾನು ಎಷ್ಟು ಆಸೆಪಟ್ಟಿದ್ದೆ ಎಂಬುದು ನನಗೂ ಪೂರ್ತಿ ಗೊತ್ತಿರಲಿಲ್ಲ.

ಕೋಚ್ ಮುಳಬಾಗಿಲಿನವರು. ಐವತ್ತೈದರ ಆಸುಪಾಸು. ಸಮಾಧಾನವಾಗಿದ್ದಾಗ ಕನ್ನಡ, ಸಿಟ್ಟು ಬಂದರೆ ತೆಲುಗು. ಹನ್ನೊಂದು ವರ್ಷದಿಂದ ಅವರ ಕೈಕೆಳಗೆ ಇದ್ದವಳು ನಾನು. ಅವರು ಯಾವ ಭಾಷೆಯಲ್ಲಿ ಉಸಿರು ಬಿಟ್ಟರು ಎನ್ನುವುದರಿಂದಲೇ ಆ ದಿನ ಹೇಗಿದೆಯೆಂದು ತಿಳಿದುಕೊಳ್ಳುತ್ತಿದ್ದೆ.

ಐವತ್ತೇಳು ಕೆಜಿಯಲ್ಲಿ ನನಗೆ ಎದುರಾಗಿ ಉಳಿದವಳು ಮಾಲೂರು ಕಡೆಯ ಹುಡುಗಿ. ಇಪ್ಪತ್ತೊಂದು ವರ್ಷ. ಮನೆಯವರು ತರಕಾರಿ ಬೆಳೆಯುತ್ತಾರೆ, ಇವಳು ಚಿಕ್ಕಂದಿನಿಂದ ಕ್ರೀಡಾ ಹಾಸ್ಟೆಲಿನಲ್ಲಿ ಬೆಳೆದವಳು. ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದಳು, ಅಕ್ಕ ಎಂದುಕೊಂಡೇ ಎತ್ತಿ ಬಿಸಾಡುತ್ತಿದ್ದಳು. ಅವಳ ಆಟವೆಲ್ಲ ಬಲಗೈಯಲ್ಲಿ. ಬಲಗೈ ಬಂದು ನನ್ನ ಜೂಡೋ ಅಂಗಿಯ ಎಡ ಎದೆಪಟ್ಟಿಯನ್ನು, ಕತ್ತಿನಿಂದ ಎದೆಯ ಮೇಲೆ ಇಳಿಯುವ ದಪ್ಪ ಅಂಚನ್ನು, ಎತ್ತರದಲ್ಲಿ ಹಿಡಿಯಿತೆಂದರೆ ನನ್ನ ತಲೆ ಬಗ್ಗುತ್ತಿತ್ತು. ತಲೆ ಬಗ್ಗಿದ ಮೇಲೆ ಅವಳ ಬಲಗಾಲು ನನ್ನ ಎರಡು ತೊಡೆಗಳ ನಡುವೆ ನುಗ್ಗಿ ಮೇಲಕ್ಕೆ ಒದೆಯುತ್ತಿತ್ತು. ಅಲ್ಲಿಂದ ಮುಂದೆ ನಾನು ಮಾಡುವಂಥದ್ದೇನೂ ಇರುತ್ತಿರಲಿಲ್ಲ, ಚಾವಣಿಯ ತಗಡು ನೋಡುವುದಷ್ಟೇ.

ಹಾಗಾಗಿ ಶಿಬಿರದ ಅಷ್ಟೂ ದಿನ ಕೋಚ್ ನನಗೆ ಒಂದೇ ಕೆಲಸ ಕೊಟ್ಟಿದ್ದರು. ಆ ಬಲಗೈ ಎದೆಪಟ್ಟಿಗೆ ಮುಟ್ಟುವ ಮೊದಲೇ ಮಣಿಕಟ್ಟಿನ ಹತ್ತಿರ ಅವಳ ತೋಳಿನ ಬಟ್ಟೆ ಹಿಡಿದು ಕೆಳಕ್ಕೆ ಎಳೆಯುವುದು, ಎಳೆದ ಕ್ಷಣದಲ್ಲೇ ಒಳಕ್ಕೆ ತಿರುಗಿ ಮೊಣಕಾಲು ಮಡಿಸಿ ಬೆನ್ನಿನ ಮೇಲೆ ಹೊತ್ತು ಎಸೆಯುವುದು. ನನ್ನ ಆಟ ಎಡಗೈಯದು, ಈ ಎಸೆತ ನನ್ನ ಹಳೆಯ ಸಂಗಾತಿ. ಆದರೆ ಮೊಣಕಾಲು ಪೂರ್ತಿ ಮಡಿಯುವುದಿಲ್ಲವಲ್ಲ. ಅರ್ಧ ಬಗ್ಗಿ ಎಸೆಯುವುದನ್ನು ಮೂವತ್ತನೆಯ ವಯಸ್ಸಿನಲ್ಲಿ ಹೊಸದಾಗಿ ಕಲಿಯಬೇಕಾಯಿತು. ದಿನಕ್ಕೆ ನೂರು ಸಲ ಬರೀ ತಿರುಗುವುದು, ಎಸೆಯುವಂತಿಲ್ಲ. ಅದಾದ ಮೇಲೆ ನಲವತ್ತು ಎಸೆತ. ಬೆರಳುಗಳ ಗೆಣ್ಣಿಗೆ ಎರಡೆರಡು ಸುತ್ತು ಟೇಪು, ಗೆಣ್ಣು ಮಡಿಯುವಷ್ಟು ಜಾಗ ಬಿಟ್ಟು. ಸಂಜೆಗೆ ಟೇಪು ಬಿಚ್ಚಿದರೆ ಬೆರಳುಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿರುತ್ತಿದ್ದವು. ಏಳನೆಯ ದಿನದ ಹೊತ್ತಿಗೆ ಹತ್ತರಲ್ಲಿ ನಾಲ್ಕು ಸಲ ಆ ಬಲಗೈಯನ್ನು ತಡೆಯುತ್ತಿದ್ದೆ. ನಾಲ್ಕು ಸಾಲದು ಅಂತ ನನಗೂ ಗೊತ್ತಿತ್ತು, ಕೋಚಿಗೂ ಗೊತ್ತಿತ್ತು.

ಗುರುವಾರ ಸಂಜೆ ನಮಗೆ ಬಿಡುವು ಕೊಟ್ಟರು. ಶ್ರೀನಿವಾಸಪುರದ ಬಸ್ಸು ಹತ್ತಿ ಊರಿಗೆ ಹೋದೆ. ನಮ್ಮೂರು ಯಲ್ದೂರಿನಿಂದ ಸ್ವಲ್ಪ ಒಳಗೆ, ಸುತ್ತಲೂ ಮಾವಿನ ತೋಪು. ಹಂಗಾಮು ಶುರುವಾಗಿತ್ತು. ಅಪ್ಪ, ಅಣ್ಣ ಇಬ್ಬರೂ ಕಾಯಿ ಕೀಳಿಸುವುದರಲ್ಲಿ, ಮಂಡಿಗೆ ಲೋಡು ಕಳಿಸುವುದರಲ್ಲಿ ಮುಳುಗಿದ್ದರು. ಮನೆಯಲ್ಲಿ ಅಮ್ಮ ಒಬ್ಬಳೇ. ನನ್ನ ಚೀಲ ಇಸಿದುಕೊಂಡವಳು ಮೂಗು ಮುಚ್ಚಿಕೊಂಡಳು. ಅದರಲ್ಲಿ ನನ್ನ ಬಿಳಿ ಅಂಗಿ ಇತ್ತು, ಐದು ದಿನದ ಬೆವರು ಕುಡಿದದ್ದು. ಪಂದ್ಯಕ್ಕೆ ಬಿಳಿಯದೊಂದು, ನೀಲಿಯದೊಂದು ಬೇಕು. ನೀಲಿಯದನ್ನು ಶಿಬಿರದ ಹಾಸ್ಟೆಲಿನಲ್ಲೇ ಒಗೆದು ಇಟ್ಟಿದ್ದೆ. ಬಿಳಿಯದನ್ನೂ ಅಲ್ಲೇ ಒಗೆದುಕೊಳ್ಳುತ್ತೇನೆ ಎಂದರೆ ಅಮ್ಮ ಕೇಳಲಿಲ್ಲ.

ಇಷ್ಟು ವರ್ಷ ನಾನು ಎಲ್ಲೆಲ್ಲೋ ಆಡಿದ್ದೆ. ಅಮ್ಮ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಈ ಸಲ ಕೋಲಾರದಲ್ಲೇ, ಒಂದು ಬಸ್ಸಿನ ದೂರ. ಭಾನುವಾರ ನಾನೂ ಬರುತ್ತೇನೆ ಎಂದು ಆಗಲೇ ತೀರ್ಮಾನ ಮಾಡಿಯಾಗಿತ್ತು. ಅಷ್ಟು ದಪ್ಪ ಬಟ್ಟೆ ಒಣಗಲು ಒಂದೂವರೆ ದಿನ ಬೇಕು, ಒಗೆದು ಒಣಗಿಸಿ ನಾನೇ ತರುತ್ತೇನೆ ಎಂದಳು.

"ನಾಲ್ಕು ಜನದ ಮುಂದೆ ನಿಂತ್ಕೊಳ್ಳೋ ಬಟ್ಟೆ ಕಣೇ. ಹಿಂಗಾ ಇಟ್ಕೊಳ್ಳೋದು?"

ನಾನು ಒಪ್ಪಿದೆ. ನಾಲ್ಕು ಜನದ ಮುಂದೆ ನಿಲ್ಲುವ ಬಟ್ಟೆಗೆ ನಮ್ಮ ಮನೆಯಲ್ಲಿ ಏನು ಮಾಡುತ್ತಾರೆ ಎಂಬುದು ನನಗೆ ನೆನಪಾಗಬೇಕಿತ್ತು. ಆಗಸ್ಟ್ ಹದಿನೈದಕ್ಕೆ ಶಾಲೆಯ ಬಿಳಿ ಯೂನಿಫಾರಂ, ಅಪ್ಪ ಮದುವೆಗಳಿಗೆ ಹೋಗುವಾಗಿನ ಪಂಚೆ, ಅಣ್ಣ ಪರೀಕ್ಷೆಗೆ ಹೋದಾಗಿನ ಅಂಗಿ, ಎಲ್ಲಕ್ಕೂ ಅಮ್ಮ ಗಂಜಿ ಹಾಕಿಯೇ ಕಳಿಸಿದ್ದಳು. ಆ ದಿನ ನನ್ನ ತಲೆಯಲ್ಲಿ ತೂಕ ಬಿಟ್ಟು ಬೇರೇನೂ ಇರಲಿಲ್ಲ. ಎಂಟುನೂರು ಗ್ರಾಂ ಇಳಿಸಬೇಕಿತ್ತು. ಅಮ್ಮ ಮಾಡಿದ್ದ ಮುದ್ದೆಯಲ್ಲಿ ಕಾಲು ಭಾಗ ಮುರಿದುಕೊಂಡು, ಬಸ್ಸಾರು ನಾಲ್ಕು ಚಮಚ ಬಿಟ್ಟುಕೊಂಡು, ಅವಳ ಮುಖ ನೋಡದೆ ಉಂಡೆದ್ದೆ. ಶನಿವಾರ ಸಂಜೆ ತೂಕದ ಯಂತ್ರ ಐವತ್ತಾರು ಪಾಯಿಂಟ್ ಒಂಬತ್ತು ತೋರಿಸಿತು.

ಭಾನುವಾರ ಬೆಳಗ್ಗೆ ಏಳೂವರೆಗೆಲ್ಲ ಅಮ್ಮ ಕ್ರೀಡಾಂಗಣದ ಬಾಗಿಲಲ್ಲಿ ನಿಂತಿದ್ದಳು. ರೇಷ್ಮೆ ಸೀರೆ ಉಟ್ಟು, ತಲೆಗೆ ಕನಕಾಂಬರ ಮುಡಿದು, ಕೈಯಲ್ಲಿ ಬಟ್ಟೆಯಂಗಡಿಯ ಚೀಲ. ಚೀಲ ಕೊಟ್ಟು, ಕುಕ್ಕರ್ ಬಿಟ್ಟು ಪಾತ್ರೆಯಲ್ಲಿ ಅನ್ನ ಬಸಿದೆ ಎಂದಳು, ಅಂಗಿ ಹೇಗಿದೆ ಮುಟ್ಟಿ ನೋಡು ಎಂದಳು. ಹೊತ್ತಾಯಿತೆಂದು ನಾನು ಚೀಲ ಹಿಡಿದುಕೊಂಡು ಒಳಗೆ ಓಡಿದೆ. ಪಂದ್ಯದ ಅಂಗಿಗಳ ಅಳತೆ ನೋಡುವ ಮೇಜಿನ ಹತ್ತಿರ ಇದ್ದ ಸ್ವಯಂಸೇವಕ ಕಾಲೇಜು ಹುಡುಗ. ಅಳತೆಪಟ್ಟಿ ಹಿಡಿದು ತೋಳಿನ ಉದ್ದ ನೋಡಿದ, ಅಂಗಿಯ ಉದ್ದ ನೋಡಿದ, ಸರಿ ಎಂದು ಗುರುತು ಹಾಕಿದ. ಬಟ್ಟೆಯನ್ನು ಮುಟ್ಟಿ ನೋಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅಂಗಿಯನ್ನು ಒಮ್ಮೆ ತೊಟ್ಟು ನೋಡಿದೆ. ತೋಳಿನೊಳಗೆ ಕೈ ತೂರಿಸುವಾಗ ಹಪ್ಪಳ ಮುರಿದಂತೆ ಸದ್ದಾಯಿತು. ಎದೆಪಟ್ಟಿ ರಟ್ಟಿನಂತೆ ನಿಂತಿತ್ತು. ಜೂಡೋ ಅಂಗಿಯ ಎದೆಪಟ್ಟಿ ಮೊದಲೇ ನಾಲ್ಕೈದು ಪದರ ಹೊಲಿದ ಗಟ್ಟಿ ಪಟ್ಟಿ. ಅದಕ್ಕೆ ಗಂಜಿ ಕುಡಿಸಿ, ಕೆಂಡದ ಇಸ್ತ್ರಿಪೆಟ್ಟಿಗೆ ಒತ್ತಿದರೆ ಬೆರಳು ಮಡಿಸಿ ಹಿಡಿಯುವುದಕ್ಕೆ ಬಗ್ಗುವುದೇ ಇಲ್ಲ. ಅಂಗಿ ಗಡುಸಾಗಿರಬಾರದು, ಜಾರಬಾರದು, ಎದುರಾಳಿಯ ಕೈಗೆ ಸಿಗುವಂತಿರಬೇಕು. ಇದು ನಮಗೆ ಮೊದಲ ವರ್ಷದಲ್ಲೇ ಕಲಿಸುವ ನಿಯಮ. ಬೇಕೆಂದೇ ಗಂಜಿ ಹಾಕಿಕೊಂಡು ಬರುವ ಆಟಗಾರರನ್ನು ನಾನು ಕಂಡಿದ್ದೇನೆ, ಅವರ ಬೆನ್ನ ಹಿಂದೆ ಬಾಯಿಗೆ ಬಂದಂತೆ ಬೈದೂ ಇದ್ದೇನೆ.

ಕೋಣೆಯ ಮೂಲೆಯಲ್ಲಿ ನಲ್ಲಿ ಇತ್ತು. ಅಂಗಿ ಕತ್ತಿನ ಹಿಂದೆ ಉಜ್ಜುತ್ತಿತ್ತು. ಅಂಗೈಯಲ್ಲಿ ನೀರು ಹಿಡಿದು ಕತ್ತಿನ ಪಟ್ಟಿಗೆ ಹಾಕಿ, ಎರಡು ಕೈಯಲ್ಲೂ ತಿಕ್ಕಿ ತಿಕ್ಕಿ ಮೆತ್ತಗೆ ಮಾಡಿಕೊಂಡೆ. ಮುಂದಿನ ಎದೆಪಟ್ಟಿಗೂ ಅದೇ ಮಾಡಲು ಐದು ನಿಮಿಷ ಸಾಕಿತ್ತು. ಕೈ ಅಲ್ಲಿಯವರೆಗೆ ಹೋಗಿ ನಿಂತಿತು. ಆ ಹುಡುಗಿಯ ಬಲಗೈ ಕಣ್ಣ ಮುಂದೆ ಬಂತು. ಹತ್ತರಲ್ಲಿ ನಾಲ್ಕು ಎಂಬ ಲೆಕ್ಕವೂ ಬಂತು. ಇದು ಅಮ್ಮ ಹಾಕಿದ್ದು, ನಾನು ಮಾಡಿದ್ದಲ್ಲ ಎಂದು ನನಗೆ ನಾನೇ ಒಂದು ಉತ್ತರ ಕೊಟ್ಟುಕೊಂಡು ನಲ್ಲಿ ತಿರುಗಿಸಿ ನಿಲ್ಲಿಸಿದೆ. ಸುಳ್ಳು ಹೇಳಿ ಏನು ಪ್ರಯೋಜನ, ನನಗೆ ಒಳಗೊಳಗೇ ಖುಷಿಯಾಗಿತ್ತು.

ಕೊನೆಯ ಇಬ್ಬರ ನಡುವೆ ಮೂರು ಬೌಟು, ಎರಡು ಗೆದ್ದವರು ತಂಡಕ್ಕೆ. ಮೊದಲನೆಯದರಲ್ಲಿ ನನಗೆ ನೀಲಿ ಬಣ್ಣ ಬಂತು. ಎರಡನೆಯ ನಿಮಿಷದಲ್ಲಿ ಅವಳ ಬಲಗೈ ನಾನು ಹೆದರಿದ್ದ ಜಾಗಕ್ಕೇ ಬಂದು ಕೂತಿತು. ತೋಳು ಎಳೆಯುವುದರೊಳಗೆ ತಲೆ ಬಗ್ಗಿತು. ಪೂರ್ತಿ ಬೆನ್ನಿನ ಮೇಲೆ ಬೀಳದೆ ಪಕ್ಕಕ್ಕೆ ಹೊರಳಿದ್ದರಿಂದ ಅವಳಿಗೆ ಅರ್ಧ ಅಂಕ ಸಿಕ್ಕಿತು. ಉಳಿದ ಎರಡು ನಿಮಿಷ ಅವಳು ಜಾಣತನದಿಂದ ದೂರವೇ ಉಳಿದು ಬೌಟು ಗೆದ್ದಳು. ಹೊರಗೆ ಬಂದಾಗ ಕೋಚ್ ಕನ್ನಡದಲ್ಲೇ ಮಾತಾಡಿದರು. ಇನ್ನೂ ಎರಡಿದೆ, ಎಡಗೈ ತಡವಾಗುತ್ತಿದೆ, ಅವಳ ಭುಜ ನೋಡಬೇಡ, ಮೊಣಕೈ ನೋಡು ಎಂದರು.

ಎರಡನೆಯದಕ್ಕೆ ಬಣ್ಣ ಅದಲುಬದಲು. ಬಿಳಿ ಅಂಗಿ ತೊಟ್ಟು ಮ್ಯಾಟಿನ ಅಂಚಿನಲ್ಲಿ ಬಾಗಿ ಒಳಗೆ ಹೋದೆ. ಗ್ಯಾಲರಿಯಲ್ಲಿ ಅಮ್ಮ ಎದ್ದು ನಿಂತಿದ್ದು ಕಾಣಿಸಿತು. ಹುಡುಗಿಯ ಬಲಗೈ ಬಂತು, ಎದೆಪಟ್ಟಿಗೆ ತಾಗಿತು, ಜಾರಿತು. ಮತ್ತೆ ಬಂತು, ಮತ್ತೆ ಜಾರಿತು. ಮೂರನೆಯ ಸಲ ಅವಳು ನನ್ನ ಮುಖ ನೋಡಿದಳು. ಹಿಡಿತವಿಲ್ಲದೆ ಸುಮ್ಮನೆ ಸುತ್ತುತ್ತಿದ್ದಾಳೆಂದು ತೀರ್ಪುಗಾರರು ಅವಳಿಗೆ ಒಂದು ಎಚ್ಚರಿಕೆ ಕೊಟ್ಟರು, ಸ್ವಲ್ಪ ಹೊತ್ತಿಗೆ ಇನ್ನೊಂದು. ಮೂರಾದರೆ ಬೌಟು ಹೋಗುತ್ತದೆ. ಆತುರದಲ್ಲಿ ಅವಳು ಬೆರಳುಗಳನ್ನು ಬಲವಾಗಿ ತೂರಿಸಿದಳು, ನಾನು ಮೈ ಹಿಂದಕ್ಕೆ ಎಳೆದೆ, ಅವಳ ಬಾಯಿಂದ ಸಣ್ಣ ನೋವಿನ ಸದ್ದು ಬಂತು. ಆ ಕ್ಷಣಕ್ಕೇ ಅವಳ ತೋಳು ಹಿಡಿದು ತಿರುಗಿದೆ. ಅರ್ಧ ಮಡಿಸಿದ ಮೊಣಕಾಲಿನ ಮೇಲೆ, ನೂರು ಸಲ ಅಭ್ಯಾಸ ಮಾಡಿದಂತೆಯೇ, ಅವಳು ನನ್ನ ಬೆನ್ನಿನ ಮೇಲಿಂದ ಹೋಗಿ ಚಪ್ಪಟೆಯಾಗಿ ಬಿದ್ದಳು. ಇಪ್ಪಾನ್, ಪೂರ್ತಿ ಅಂಕ. ನನ್ನ ಬದುಕಿನಲ್ಲಿ ಹಾಕಿದ ಚೆಂದದ ಎಸೆತಗಳಲ್ಲಿ ಅದೂ ಒಂದು. ಅದೇ ನನಗೆ ಇವತ್ತಿಗೂ ಬೇಜಾರು.

ಅವಳ ನಡುಬೆರಳಿನ ಉಗುರು ಅರ್ಧ ಎದ್ದುಹೋಗಿತ್ತು. ಅವಳ ಕೋಚ್ ಬೆರಳು ನೋಡಿದರು, ಅವಳು ಏನೋ ಹೇಳಿದಳು, ಅವರು ನೇರ ತೀರ್ಪುಗಾರರ ಮೇಜಿಗೆ ಹೋದರು. ಮುಖ್ಯ ತೀರ್ಪುಗಾರ್ತಿ ಉತ್ತರದ ಕಡೆಯವರು, ಸಣ್ಣ ಮೈಕಟ್ಟಿನ ಹೆಂಗಸು, ಹಿಂದಿಯಲ್ಲಿ ನಿಧಾನವಾಗಿ ಮಾತಾಡುವವರು. ನನ್ನನ್ನು ಕರೆದು ಎದೆಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದರು. ಬಿಟ್ಟೊಡನೆ ಅದು ಮತ್ತೆ ನೆಟ್ಟಗಾಯಿತು. ಇದನ್ನು ಯಾರು ಮಾಡಿದ್ದು ಎಂದು ಕೇಳಿದರು. ಗೊತ್ತಿದ್ದೂ ತೊಟ್ಟಿದ್ದರೆ ಬೌಟು ಎದುರಾಳಿಗೆ ಹೋಗುತ್ತದೆ, ಗೊತ್ತಿಲ್ಲದೆ ಆದದ್ದಾದರೆ ಬೌಟು ರದ್ದು ಮಾಡಿ ಬೇರೆ ಅಂಗಿಯಲ್ಲಿ ಮತ್ತೆ ಆಡಿಸುತ್ತೇವೆ ಎಂದೂ ಸ್ಪಷ್ಟವಾಗಿ ಹೇಳಿದರು.

ನಾನು ಬಾಯಿ ತೆರೆಯುವ ಮೊದಲೇ ನನ್ನ ಕೋಚ್ ಉತ್ತರ ಕೊಟ್ಟರು. ಹಾಸ್ಟೆಲಿನ ಬಟ್ಟೆಯೆಲ್ಲ ಗೇಟಿನ ಹತ್ತಿರದ ಇಸ್ತ್ರಿಯವರಿಗೆ ಹೋಗುತ್ತದೆ, ಅವರು ಹಾಕಿರಬೇಕು ಎಂದರು. ಅವರಿಗೆ ಅಂಗಿ ಊರಿಗೆ ಹೋಗಿದ್ದು ಗೊತ್ತಿರಲಿಲ್ಲ. ಅವರು ಸುಳ್ಳು ಹೇಳಲಿಲ್ಲ, ಊಹೆ ಮಾಡಿದರು. ಸುಳ್ಳು ಹೇಳಿದವಳು ನಾನು, ಬಾಯಿ ಮುಚ್ಚಿಕೊಂಡು.

ಶಿಬಿರದ ವ್ಯವಸ್ಥಾಪಕರು ಇಸ್ತ್ರಿಯವರನ್ನು ಕರೆದುಕೊಂಡು ಬಂದರು. ಅರವತ್ತು ದಾಟಿದ ಮನುಷ್ಯ, ಚಪ್ಪಲಿ ಬಾಗಿಲಲ್ಲೇ ಬಿಟ್ಟು ಮ್ಯಾಟಿನ ಅಂಚು ತುಳಿಯದಂತೆ ಸುತ್ತು ಹಾಕಿಕೊಂಡು ಬಂದರು. ಅಂಗಿಯನ್ನು ಅವರ ಕೈಗೆ ಕೊಟ್ಟರು. ಅವರು ಎದೆಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿ, ಉಜ್ಜಿ, ಮೂಗಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಮೇಜಿನ ಹಿಂದೆ ಕೂತಿದ್ದ ಕೋಟಿನವರನ್ನೆಲ್ಲ ನೋಡಿದರು.

"ಆಗಿರ್ಬೋದು ಸಾರ್. ಬೇಜಾನ್ ಬಟ್ಟೆ ಬರ್ತವೆ, ಒಂದಕ್ಕೊಂದು ಸೇರ್ಕೊಂಡಿರ್ತದೆ. ತಪ್ಪಾಯ್ತು."

ನಾಳೆಯಿಂದ ಹಾಸ್ಟೆಲಿನ ಬಟ್ಟೆ ಇವರಿಗೆ ಬೇಡ ಎಂದು ವ್ಯವಸ್ಥಾಪಕರು ಅಲ್ಲೇ ಹೇಳಿಬಿಟ್ಟರು. ಇಸ್ತ್ರಿಯವರು ಅದಕ್ಕೂ ತಲೆಯಾಡಿಸಿದರು. ಅಂಗಿಯನ್ನು ಮಡಿಸಿ ನನ್ನ ಕೈಗೆ ಕೊಡುವಾಗ, ನನಗಷ್ಟೇ ಕೇಳುವಂತೆ ಒಂದು ಮಾತು ಕೇಳಿದರು.

"ಇದು ಅನ್ನ ಬಸ್ದಿರೋ ಗಂಜಿ ಅಲ್ವೇನಮ್ಮಾ? ನಾವು ಹಾಕೋದು ಸಬ್ಬಕ್ಕಿದು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತನ್ನ ಕೆಲಸ ಬಲ್ಲವನೊಬ್ಬ ತನ್ನದಲ್ಲದ ಕೆಲಸವನ್ನು ಗುರುತು ಹಿಡಿದಿದ್ದ, ಅಷ್ಟೆ. ಅವರು ಬಾಗಿಲ ತನಕ ಹೋಗುವವರೆಗೂ ಸುಮ್ಮನಿದ್ದೆ. ಅದಕ್ಕಿಂತ ಮುಂದೆ ಸುಮ್ಮನಿರಲು ಆಗಲಿಲ್ಲ. ಅವರನ್ನು ಕಳಿಸಬೇಡಿ, ಅಂಗಿ ನಮ್ಮೂರಿಂದ ಬಂದದ್ದು, ಗಂಜಿ ಹಾಕಿದ್ದು ನಮ್ಮಮ್ಮ ಎಂದೆ.

ಮೇಜಿನ ಸುತ್ತ ಗುಸುಗುಸು ಎದ್ದಿತು. ನನ್ನ ಕೋಚ್ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಅಷ್ಟರಲ್ಲಿ ಗ್ಯಾಲರಿಯ ಮೆಟ್ಟಿಲು ಇಳಿದು ಅಮ್ಮ ಬಂದಳು. ಗಂಜಿ ಎಂಬ ಮಾತು ಅವಳ ಕಿವಿಗೂ ಬಿದ್ದಿತ್ತು. ಅವಳೂ ಚಪ್ಪಲಿ ಬಿಟ್ಟು ಬಂದಿದ್ದಳು. ನಡೆದದ್ದನ್ನು ಮಾಲೂರಿನ ಹುಡುಗಿಯ ಕೋಚೇ ಅವಳಿಗೆ ಬಿಡಿಸಿ ಹೇಳಿದರು. ಬಿಳಿ ಬಟ್ಟೆಗೆ ಗಂಜಿ ಹಾಕಿದರೆ ಆಟದಲ್ಲಿ ಅದು ಮೋಸವಾಗುತ್ತದೆಂದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಮುಖ ಇಷ್ಟು ಸಣ್ಣದಾಯಿತು.

ಮುಖ್ಯ ತೀರ್ಪುಗಾರ್ತಿ ಅಮ್ಮನ ಸೀರೆ, ಹೂವು, ಮುಖ ನೋಡಿದರು. ಅವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಇದು ತಿಳಿಯದೆ ಆದ ತಪ್ಪು, ಬೌಟು ರದ್ದು, ಹತ್ತು ನಿಮಿಷ ಬಿಟ್ಟು ಬೇರೆ ಅಂಗಿಯಲ್ಲಿ ಮತ್ತೆ ಆಡಿಸೋಣ ಎಂದು ಬರೆಯಲು ಪೆನ್ನು ತೆಗೆದರು. ಇಸ್ತ್ರಿಯವರ ಮೇಲಿನ ಮಾತನ್ನು ವ್ಯವಸ್ಥಾಪಕರು ವಾಪಸು ತೆಗೆದುಕೊಂಡರು. ನನ್ನ ಕೋಚ್ ಉಸಿರು ಬಿಟ್ಟರು, ಕನ್ನಡದಲ್ಲಿ. ತಂಡದ ಇನ್ನೊಬ್ಬಳ ಬಿಳಿ ಅಂಗಿ ತಂದುಕೊಟ್ಟು, ಬೇಗ ಹಾಕ್ಕೋ, ಮೈ ತಣ್ಣಗಾಗುತ್ತದೆ ಎಂದರು.

ಎಲ್ಲ ಸರಿಹೋಗಿತ್ತು. ನಿಜ ಹೇಳಿದವಳು ಎಂಬ ಹೆಸರೂ ಬಂದಿತ್ತು. ಹಿಂದೆ ಕೂತಿದ್ದವರಲ್ಲಿ ಯಾರೋ ಚಪ್ಪಾಳೆ ತಟ್ಟಿದ್ದೂ ಕೇಳಿಸಿತ್ತು. ನಾನು ಆ ಅಂಗಿ ತೊಟ್ಟು ಬೆಲ್ಟಿನ ಗಂಟು ಹಾಕುತ್ತಿದ್ದೆ. ಆಗ ಅಮ್ಮ ಮಾಲೂರಿನ ಹುಡುಗಿಯ ಮುಂದೆ ಹೋಗಿ ನಿಂತಳು. ಅವಳ ಬೆರಳಿಗೆ ಆಗಲೇ ಟೇಪು ಸುತ್ತಿದ್ದರು, ಅದರ ಮೇಲೂ ಕೆಂಪು ಇಣುಕಿತ್ತು. ಅಮ್ಮ ಆ ಕೈಯನ್ನು ತನ್ನ ಎರಡು ಕೈಯಲ್ಲಿ ತೆಗೆದುಕೊಂಡಳು.

"ನನ್ನಿಂದ ಆಯ್ತಲ್ಲಮ್ಮಾ ಇದು. ನಂಗೆ ಗೊತ್ತಿರ್ಲಿಲ್ಲ ಕಣಮ್ಮಾ. ನನ್ ಮಗೂಗೂ ಗೊತ್ತಿರ್ಲಿಲ್ಲ."

ಹುಡುಗಿ ಪರವಾಗಿಲ್ಲ ಬಿಡಿ ಆಂಟಿ ಎಂದಳು. ಎನ್ನುತ್ತ ಅಮ್ಮನ ಭುಜದ ಮೇಲಿಂದ ನನ್ನನ್ನು ನೋಡಿದಳು. ಮ್ಯಾಟಿನ ಮೇಲೆ ಮೂರನೆಯ ಸಲ ಕೈ ಜಾರಿದಾಗ ನೋಡಿದ್ದ ಹಾಗೆಯೇ. ಅವಳಿಗೆ ಗೊತ್ತಿತ್ತು. ಇಷ್ಟು ವರ್ಷ ಅಂಗಿ ತೊಟ್ಟವರಿಗೆ ಅಂಗಿಯ ಗಡಸುತನ ತಿಳಿಯದೆ ಇರುವುದಿಲ್ಲ ಎಂದು ಆಟಗಾರರಿಗಷ್ಟೇ ಗೊತ್ತಿರುತ್ತದೆ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಅವಳ ನೋಟವಲ್ಲ. ನಾನು ಮಾಡಿದ ಕೆಲಸಕ್ಕೆ ಅಮ್ಮ ಅಲ್ಲಿ ತಲೆ ತಗ್ಗಿಸಿ ನಿಂತಿದ್ದಳು, ನನ್ನ ಪರವಾಗಿ ಆಣೆ ಇಟ್ಟಂತೆ ಮಾತಾಡಿದ್ದಳು. ನನಗೆ ಅಳು ಬಂತು. ನಾಚಿಕೆಯ ಅಳು, ಅದಕ್ಕೆ ಬೇರೆ ಹೆಸರಿಲ್ಲ.

ಗಂಟು ಅರ್ಧಕ್ಕೆ ಬಿಟ್ಟು ಮೇಜಿನ ಹತ್ತಿರ ಹೋದೆ. ನನ್ನ ಹಿಂದಿ ಅಷ್ಟಕ್ಕಷ್ಟೇ. ಮೊದಲು ಕನ್ನಡದಲ್ಲೇ ಹೇಳಿದೆ, ಅಮ್ಮನಿಗೂ ಕೇಳಿಸಬೇಕಿತ್ತು.

"ನಂಗೆ ಗೊತ್ತಿತ್ತು. ಬೆಳಗ್ಗೆ ಹಾಕ್ಕೊಂಡಾಗ್ಲೇ ಗೊತ್ತಾಯ್ತು. ಕತ್ತಿನ ಹತ್ರ ಉಜ್ತಿತ್ತು ಅಂತ ಅಲ್ಲಿ ಮಾತ್ರ ನೀರು ಹಾಕಿ ಮೆತ್ತಗೆ ಮಾಡ್ಕೊಂಡೆ. ಮುಂದಕ್ಕೆ ಹಾಕ್ಲಿಲ್ಲ."

ಆಮೇಲೆ ಅದನ್ನೇ ಮುರುಕು ಹಿಂದಿಯಲ್ಲಿ ಹೇಳಿದೆ. ಮುಖ್ಯ ತೀರ್ಪುಗಾರ್ತಿ ಗಂಜಿಯ ಅಂಗಿಯನ್ನು ಮತ್ತೆ ತೆಗೆದುಕೊಂಡು ಕತ್ತಿನ ಭಾಗವನ್ನು ಹಿಡಿದರು, ಎದೆಯ ಭಾಗವನ್ನು ಹಿಡಿದರು, ಇನ್ನೊಮ್ಮೆ ಕತ್ತಿನ ಭಾಗವನ್ನು ಹಿಡಿದರು. ಬರೆದಿದ್ದ ಸಾಲನ್ನು ಹೊಡೆದು ಅದರ ಕೆಳಗೆ ಇನ್ನೊಂದು ಸಾಲು ಬರೆದರು. ಎರಡನೆಯ ಬೌಟು ಎದುರಾಳಿಗೆ. ಅಲ್ಲಿಗೆ ಎರಡು-ಸೊನ್ನೆ. ಮೂರನೆಯದರ ಅಗತ್ಯವೇ ಬರಲಿಲ್ಲ. ನಾವಿಬ್ಬರೂ ಮ್ಯಾಟಿನ ನಡುವೆ ನಿಂತು ಬಾಗಿ ಹೊರಗೆ ಬಂದೆವು. ನನ್ನ ಅಂತರರಾಷ್ಟ್ರೀಯ ಆಟ ಮುಗಿದದ್ದು ಹೀಗೆ, ಇನ್ನೊಬ್ಬಳ ಅಂಗಿಯಲ್ಲಿ, ಒಂದು ಹಿಡಿತವನ್ನೂ ಹಿಡಿಯದೆ.

ಕೋಚ್ ಎದ್ದು ಹೊರಗೆ ಹೋಗಿಬಿಟ್ಟರು. ನಾನು 'ಸರ್' ಎಂದು ಕರೆದೆ, ತಿರುಗಲಿಲ್ಲ. ನಾಲ್ಕು ದಿನವಾದ ಮೇಲೆ ಅವರ ಫೋನು ಬಂತು.

"ಎಂದುಕಮ್ಮಾ?" ಎಂದರು. ಯಾಕಮ್ಮಾ ಎಂದು. "ಎಲ್ಲಾ ಮುಗ್ದಿತ್ತು. ನಿನ್ನ ಯಾರು ಕೇಳಿದ್ರು?"

ಯಾರೂ ಕೇಳಿರಲಿಲ್ಲ ಎಂದೆ. ಆಮೇಲೆ ಮೊಣಕಾಲು ಹೇಗಿದೆ ಎಂದು ಕೇಳಿದರು. ಅದನ್ನು ಕನ್ನಡದಲ್ಲಿ ಕೇಳಿದರು.

ಆ ಭಾನುವಾರ ಸಂಜೆ ಅಮ್ಮನೂ ನಾನೂ ಒಂದೇ ಬಸ್ಸಿನಲ್ಲಿ ಊರಿಗೆ ಹೊರಟೆವು. ಕಾಯಿ ತುಂಬಿದ ಲಾರಿಗಳು ಎದುರಾಗುತ್ತಿದ್ದವು, ಬಸ್ಸು ಮತ್ತೆ ಮತ್ತೆ ಪಕ್ಕಕ್ಕೆ ಇಳಿಯುತ್ತಿತ್ತು. ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳು ಬೈಯಲಿ ಎಂದು ಕಾಯುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, ಕೂದಲು ಪಕ್ಕಕ್ಕೆ ಸರಿಸಿ ಕತ್ತಿನ ಹಿಂಭಾಗ ನೋಡಿದಳು.

"ತುಂಬಾ ಉಜ್ತಾ?" ಎಂದಳು.

ಇಲ್ಲ ಎಂದೆ.

ಮಾರನೆಯ ವಾರ ಮಾಲೂರಿನ ಹುಡುಗಿಯ ಕೋಚ್ ಫೋನು ಮಾಡಿದರು. ಏಷ್ಯಾ ಕೂಟದಲ್ಲಿ ಅವಳಿಗೆ ಎದುರಾಗುವವರಲ್ಲಿ ಇಬ್ಬರು ಎಡಗೈಯ ಆಟಗಾರ್ತಿಯರು, ಅದೇ ತೂಕದ ಎಡಗೈಯವಳು ಹತ್ತಿರದಲ್ಲಿ ನಾನೊಬ್ಬಳೇ, ಮೂರು ವಾರ ಅಭ್ಯಾಸಕ್ಕೆ ಬರಲಾದೀತೇ ಎಂದು ಕೇಳಿದರು. ಕೇಳಲು ಅವರಿಗೂ ಮುಜುಗರವಾಗಿತ್ತು. ನಾನು ಹೂಂ ಎಂದೆ. ಒಳ್ಳೆಯತನದಿಂದ ಒಪ್ಪಿದೆ ಎಂದು ಹೇಳಿಕೊಳ್ಳುವುದಿಲ್ಲ. ಮ್ಯಾಟು ಬಿಟ್ಟು ಮನೆಯಲ್ಲಿ ಕೂರಲು ನನಗೆ ಆಗುತ್ತಿರಲಿಲ್ಲ.

ಕೋಲಾರದ ಅದೇ ಕ್ರೀಡಾಂಗಣ, ದಿನಕ್ಕೆ ಎರಡು ಹೊತ್ತು. ನನ್ನ ಕೆಲಸ ಎಡಗೈಯವರು ಮಾಡುವುದನ್ನೆಲ್ಲ ಮಾಡಿ ತೋರಿಸುವುದು, ಆಮೇಲೆ ಬೀಳುವುದು. ಒಂದೊಂದು ಹೊತ್ತಿಗೆ ಅರವತ್ತು, ಎಪ್ಪತ್ತು ಸಲ ಬೀಳುತ್ತಿದ್ದೆ. ಅವಳ ಉಗುರು ಮೆಲ್ಲಗೆ ಬೆಳೆಯುತ್ತಿತ್ತು. ತೋಳು ಹಿಡಿದು ಎಳೆಯುವುದಕ್ಕೆ ಮುಂಚೆ ಎಡಗೈಯವರ ಮೊಣಕೈ ಹೇಗೆ ಸುಳಿವು ಕೊಡುತ್ತದೆಂದು ತೋರಿಸಿಕೊಟ್ಟೆ. ಎರಡನೆಯ ವಾರಕ್ಕೆ ಅವಳು ಅದನ್ನು ನನಗಿಂತ ಬೇಗ ಹಿಡಿಯುತ್ತಿದ್ದಳು. ಅಕ್ಕ ಎಂದೇ ಕರೆಯುತ್ತಿದ್ದಳು. ನೀರು ಕುಡಿಯುವಾಗ ಪಕ್ಕದಲ್ಲೇ ಕೂತು ಮನೆಯ ವಿಷಯ ಮಾತಾಡುತ್ತಿದ್ದಳು, ನಗುತ್ತಲೂ ಇದ್ದಳು.

ಆದರೆ ಮೊದಲ ದಿನ ಅಭ್ಯಾಸ ಶುರುವಾಗುವ ಮೊದಲು, ಬಾಗಿ ಎದ್ದ ಮೇಲೆ, ಅವಳು ಹತ್ತಿರ ಬಂದು ನನ್ನ ಎದೆಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿ ನೋಡಿದಳು. ಮೆತ್ತಗಿತ್ತು. ಬಿಟ್ಟು ಹಿಂದಕ್ಕೆ ಸರಿದು ಶುರು ಮಾಡಿದಳು. ಎರಡನೆಯ ದಿನವೂ ನೋಡಿದಳು. ಮೊದಲ ವಾರ ನನಗೆ ಅದು ಚುಚ್ಚುತ್ತಿತ್ತು, ಒಂದು ದಿನವಂತೂ ಊಟ ಸೇರಲಿಲ್ಲ. ಆಮೇಲೆ ಅವಳು ಬಂದು ನೋಡುವ ತನಕ ಕೈ ಕೆಳಗೆ ಬಿಟ್ಟುಕೊಂಡು ನಿಂತಿರುವುದನ್ನು ಕಲಿತೆ. ಅದೂ ಅಭ್ಯಾಸದ ಒಂದು ಭಾಗವಾಯಿತು.

ಇಪ್ಪತ್ತೊಂದನೆಯ ದಿನ ಅವಳ ಸೂಟ್‌ಕೇಸು ಮ್ಯಾಟಿನ ಪಕ್ಕದಲ್ಲೇ ಇತ್ತು, ಅಭ್ಯಾಸ ಮುಗಿಸಿ ನೇರ ವಿಮಾನ ನಿಲ್ದಾಣಕ್ಕೆ ಹೊರಡುವುದಿತ್ತು. ಬಂದವಳೇ ಅಕ್ಕ ಎಂದು ತಬ್ಬಿಕೊಂಡಳು, ನಿಮ್ಮನ್ನು ಮರೆಯುವುದಿಲ್ಲ ಎಂದಳು, ಕಣ್ಣು ಒರೆಸಿಕೊಂಡಳು. ನಾನೂ ಒರೆಸಿಕೊಂಡೆ. ಇಬ್ಬರೂ ಮ್ಯಾಟಿಗೆ ಹೋಗಿ ಎದುರುಬದುರು ನಿಂತು ಬಾಗಿದೆವು. ಆಮೇಲೆ ಅವಳು ಮುಂದೆ ಬಂದು ನನ್ನ ಎದೆಪಟ್ಟಿ ಹಿಡಿದು ನೋಡಿದಳು.